ಮಾಳಮ್ಮನ ಕಟ್ಟೆಯ ಬುಡದೂಟ

ಮುತ್ತುಗದಹಳ್ಳಿಯಲ್ಲಿ ಮಾಳಮ್ಮ ಎಂಬ ಹೆಂಗಸಿದ್ದಳು. ಕುರಿ ಸಾಕುವ ಮನೆತನ. ದೊಡ್ಡ ಹಿಂಡು, ಹಿಂಡಿಗಿಂತ ದೊಡ್ಡ ದನಿ, ಅವೆರಡಕ್ಕಿಂತ ದೊಡ್ಡ ಹೆಮ್ಮೆ. ಮಾಳಮ್ಮನ ಹೆಮ್ಮೆ ಮಾಳಮ್ಮನಿಗಿಂತ ಮೊದಲು ಹೊಸಿಲು ದಾಟುತ್ತದೆ ಎಂದು ಊರಿನವರು ನಗುತ್ತಿದ್ದರು. ಈ ಮಾತು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಅವಳು ಬೇಸರ ಮಾಡಿಕೊಂಡವಳಲ್ಲ. ಹೆಮ್ಮೆ ಪಡುವುದಕ್ಕೆ ಅವಳ ಹತ್ತಿರ ಕಾರಣವಿತ್ತು. ಆ ಕಾರಣವೇ ಅವಳ ಕಟ್ಟೆ.

ಅದು ಸರ್ಕಾರದ ಕೆರೆಯಲ್ಲ, ಊರೊಟ್ಟಿನ ಕೆರೆಯೂ ಅಲ್ಲ. ಅವಳದೇ ಹೊಲದಲ್ಲಿ, ಎರಡು ಗುಡ್ಡಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ, ಅವಳೇ ಮುಂದೆ ನಿಂತು ಕಟ್ಟಿಸಿದ ಮಣ್ಣಿನ ಕಟ್ಟೆ. ಕಟ್ಟೆ ಚಿಕ್ಕದೇ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕೇಳಿಸುತ್ತದೆ, ಅದರಲ್ಲೂ ಕೂಗುವವಳು ಮಾಳಮ್ಮನಾದರೆ ಆಚೆ ಊರಿಗೂ ಕೇಳಿಸುತ್ತದೆ. ಆದರೆ ಅದನ್ನು ಕಟ್ಟಿದ ರೀತಿ ಚಿಕ್ಕದಲ್ಲ.

ಮೊದಲು ಗಟ್ಟಿ ನೆಲ ಸಿಗುವವರೆಗೆ ಉದ್ದಕ್ಕೂ ಪಾಯ ತೋಡಿಸಿದಳು. ಅದಕ್ಕೆ ಜೇಡಿಮಣ್ಣು ತುಂಬಿಸಿ ತುಳಿಸಿದಳು. ಅದರ ಮೇಲೆ ಮಣ್ಣು ಹರಡುವುದು, ನೀರು ಚಿಮುಕಿಸುವುದು, ಮಣ್ಣು ಇನ್ನೂ ಹಸಿಯಿರುವಾಗಲೇ ಕುರಿ ಹಿಂಡನ್ನು ಅದರ ಮೇಲೆ ಓಡಾಡಿಸುವುದು. ಕುರಿಯ ಕಾಲು ಸಣ್ಣದು, ಮೈ ಭಾರ. ಸಣ್ಣ ಗೊರಸು ಮಣ್ಣಿನ ಒಳಗೆ ಇಳಿದು ಒತ್ತುತ್ತದೆ. ಹಿಂಡು ಆ ತುದಿಗೆ ಹೋಗಿ ಈ ತುದಿಗೆ ಬಂದು, ಮತ್ತೆ ಹೋಗಿ ಮತ್ತೆ ಬಂದು, ಹಾರೆ ಹಾಕಿದರೂ ಠಣ್ ಎನ್ನುವಷ್ಟು ಮಣ್ಣು ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ ಬಿದ್ದು ಕಟ್ಟೆಯ ಏರಿ ಎದ್ದಿತು. ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹಾಸಿಸಿದಳು, ಹೊರಗಿನ ಇಳಿಜಾರಿಗೆ ಗರಿಕೆ ಹಬ್ಬಿತು. "ಬೇರೆಯವರ ಕಟ್ಟೆ ಕೂಲಿಯವರು ಕಟ್ಟಿದ್ದು, ನನ್ನದು ನನ್ನ ಕುರಿಗಳು ಕಟ್ಟಿದ್ದು" ಎಂದು ಮಾಳಮ್ಮ ಹೇಳಿಕೊಂಡು ತಿರುಗುತ್ತಿದ್ದಳು. ಸುಳ್ಳೇನಲ್ಲ.

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಎಲ್ಲಿ ಯಾರು ಏರಿ ಹಾಕಿದರೂ ಅವಳಪ್ಪನ ಹಿಂಡನ್ನು ತುಳಿಸಲು ಕರೆಯುತ್ತಿದ್ದ ಕಾಲವೊಂದಿತ್ತು. ಅಪ್ಪ ಅವಳಿಗೆ ಮೂರು ಮಾತು ಹೇಳಿಕೊಟ್ಟಿದ್ದ. ಒಂದು, ಏರಿಯ ಮೇಲೆ ಮರ ಬೆಳೆಯಲು ಬಿಡಬೇಡ, ಇವತ್ತಿನ ಬೇರು ನಾಳಿನ ತೂತು. ಎರಡು, ಎಲ್ಲ ಮಣ್ಣಿನ ಕಟ್ಟೆಯೂ ಬೆವರುತ್ತದೆ, ಬೆವರಿಗೆ ಹೆದರಬೇಡ, ಬೆವರಿನ ಬಣ್ಣಕ್ಕೆ ಹೆದರು. ಮೂರು, ಕಟ್ಟೆ ಕಟ್ಟಿದವರು ಮೇಲೆ ನೀರು ನೋಡುವುದಕ್ಕಿಂತ ಕೆಳಗೆ ಬುಡ ನೋಡಬೇಕು.

ಅದರಂತೆ ಏರಿಯ ಹೊರಬುಡದಲ್ಲಿ ಬೆವರು ನೀರು ಬಂದು ನಿಲ್ಲಲು ಮಾಳಮ್ಮ ಒಂದು ಕಲ್ಲಿನ ಗುಂಡಿ ಮಾಡಿಸಿದ್ದಳು. ದಿನಾ ಬೆಳಿಗ್ಗೆ ಕುರಿ ಬಿಡುವ ಮೊದಲು ಅಲ್ಲಿಗೆ ಹೋಗಿ, ತಳದಲ್ಲಿ ನೀಲಿ ಹೂವು ಬರೆದ ಬಿಳಿ ಪಿಂಗಾಣಿ ಬಟ್ಟಲಲ್ಲಿ ಆ ನೀರು ಮೊಗೆದು ನೋಡುತ್ತಿದ್ದಳು. ನೀರು ತಿಳಿಯಾಗಿದ್ದರೆ ಕಟ್ಟೆ ಚೆನ್ನಾಗಿದೆ. ನೀರಿನಲ್ಲಿ ಮಣ್ಣು ಬಂದರೆ ಕಟ್ಟೆ ಒಳಗೊಳಗೇ ಕರಗುತ್ತಿದೆ ಎಂದರ್ಥ. ಗಂಡ ಬೀರಪ್ಪ ತಮಾಷೆ ಮಾಡುತ್ತಿದ್ದ, ನನಗೆ ಜ್ವರ ಬಂದರೂ ಇಷ್ಟು ನೋಡಲ್ಲ ಇವಳು ಎಂದು.

ಕಟ್ಟೆಗೆ ಒಂದು ಕೋಡಿಯಿತ್ತು. ಏರಿಯ ಒಂದು ಮಗ್ಗುಲಲ್ಲಿ, ಗುಡ್ಡದ ಬಂಡೆಯನ್ನೇ ಕಡಿದು ಮಾಡಿದ ದಾರಿ. ನೀರು ಅಷ್ಟು ಎತ್ತರ ಬಂದರೆ ಕೋಡಿಯಲ್ಲಿ ಹರಿದು, ಬಂಡೆಯ ಮೇಲೆ ಜಾರಿ, ಗುಡ್ಡದ ಹಿಂದಿನ ಹಳ್ಳ ಸೇರುತ್ತದೆ. ಏರಿಯ ತಂಟೆಗೆ ಬರುವುದಿಲ್ಲ. ಏರಿಯ ಕೆಳಗೆ ತಗ್ಗಿನಲ್ಲಿ ಕೆಳಗಿನಹಟ್ಟಿ ಎಂಬ ಸಣ್ಣ ಹಟ್ಟಿ. ಅಲ್ಲಿಯ ಜನ, ಮಕ್ಕಳು, ದನಕರು, ಎಲ್ಲರ ತಲೆಯ ಮೇಲೆ ಮಾಳಮ್ಮನ ನೀರು ನಿಂತಿತ್ತು. ಕಟ್ಟೆ ಅವಳದು, ನೀರು ಅವಳದು. ಒಡೆದರೆ ಹೋಗುವ ಜೀವ ಮಾತ್ರ ಅವರದು.

ಅದಕ್ಕೇ ಆ ಸೀಮೆಯಲ್ಲಿ ಒಂದು ಪದ್ಧತಿ. ಸ್ವಂತಕ್ಕೆ ಕಟ್ಟೆ ಕಟ್ಟಿದವರು ಪ್ರತಿ ವರ್ಷ ಕೋಡಿ ಬಿದ್ದ ಮೇಲೆ ಏರಿಯ ಹೊರಬುಡದಲ್ಲಿ ಊಟ ಹಾಕಿಸಬೇಕು. ಅದಕ್ಕೆ ಬುಡದೂಟ ಎಂದು ಹೆಸರು. ಕೆಳಗಿನ ಜನವೆಲ್ಲ ಬಂದು ಸಾಲಾಗಿ ಕೂರುತ್ತಾರೆ. ಯಜಮಾನರ ಎಲೆ ಎಲ್ಲರಿಗಿಂತ ಮುಂದೆ, ಏರಿಗೆ ಬೆನ್ನು ತಾಗುವ ಹಾಗೆ. ಬೇರೆಯವರ ಎಲೆಗೆ ಮನೆಯ ನೀರು ಚಿಮುಕಿಸಿದರೆ ಯಜಮಾನರ ಎಲೆಗೆ ಕಟ್ಟೆಯ ಬೆವರು ನೀರು. ಅದನ್ನು ಸುರಿಯುವವರು ಕೆಳಗಿನ ಜನರಲ್ಲಿ ಹಿರಿಯರು. ಆಮೇಲೆ ಯಜಮಾನರು ಮೊದಲ ತುತ್ತು ತಿನ್ನಬೇಕು. ನನ್ನ ಕಟ್ಟೆಯ ಬುಡದಲ್ಲಿ ನೆಮ್ಮದಿಯಾಗಿ ಕೂತು ನಾನೇ ಉಣ್ಣುತ್ತೇನೆ, ನೀವೂ ಉಣ್ಣಿ ಎಂದು ಅದರ ಅರ್ಥ. ಅವರು ತುತ್ತು ಎತ್ತುವವರೆಗೆ ಯಾರೂ ಎಲೆ ಮುಟ್ಟುವುದಿಲ್ಲ.

ಮಾಳಮ್ಮ ಈ ಊಟವನ್ನು ಪ್ರತಿ ವರ್ಷ ಮಗಳ ಮದುವೆಯ ಹಾಗೆ ಮಾಡುತ್ತಿದ್ದಳು. ಮೊದಲ ತುತ್ತು ಎತ್ತುವಾಗ ಅವಳ ಮುಖ ನೋಡಬೇಕಿತ್ತು.

ಹೀಗಿರುವಾಗ ಒಂದು ವರ್ಷ ನೆಂಟರ ಮದುವೆಯೊಂದರಲ್ಲಿ ಸಿದ್ರಾಮಣ್ಣ ಸಿಕ್ಕಿದ. ಸಿದ್ರಾಮಣ್ಣ ಪಕ್ಕದ ಊರಿನವನು, ಅವನಿಗೂ ಒಂದು ಸ್ವಂತ ಕಟ್ಟೆಯಿತ್ತು. ಆಸಾಮಿ ಕೆಟ್ಟವನಲ್ಲ. ಅವನ ನಾಲಿಗೆ ಮಾತ್ರ ಅವನಿಗಿಂತ ಒಂದು ಗಾವುದ ಮುಂದೆ ಓಡುತ್ತಿತ್ತು. ತಾಂಬೂಲ ಹಾಕಿಕೊಂಡು ಕೂತ ಜನರ ಎದುರು ಅವನು ಹೇಳಿದ, ತಾನು ಕೋಡಿಗೆ ಮಣ್ಣಿನ ಮೂಟೆ ಅಡ್ಡ ಹಾಕಿ ಮೊಣಕಾಲುದ್ದ ನೀರು ಹೆಚ್ಚು ನಿಲ್ಲಿಸಿದ್ದೇನೆ, ಮಾಳಮ್ಮನ ಕಟ್ಟೆಯಲ್ಲಿ ನಿಲ್ಲುವ ನೀರಿಗಿಂತ ಓಡುವ ನೀರೇ ಹೆಚ್ಚು ಎಂದು. ಎಲ್ಲರೂ ನಕ್ಕರು. ಅವರ ಪಾಲಿಗೆ ಅದು ಅಲ್ಲಿಗೇ ಮುಗಿಯಿತು.

ಮಾಳಮ್ಮನಿಗೆ ಮುಗಿಯಲಿಲ್ಲ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರಲ್ಲ, ಹಾಗಾಯಿತು. ಮನೆಗೆ ಬಂದವಳೇ ಗಾರೆ ಕೆಲಸದವರನ್ನು ಕರೆಸಿದಳು. ಮಣ್ಣಿನ ಮೂಟೆ ಸಿದ್ರಾಮಣ್ಣನಿಗಿರಲಿ, ನನ್ನದು ನೋಡಲಿ ಎಂದು ಕೋಡಿಗೆ ಅಡ್ಡಲಾಗಿ ಕಲ್ಲು ಸಿಮೆಂಟಿನ ಗೋಡೆಯನ್ನೇ ಎಬ್ಬಿಸಿದಳು. ಅದು ತೊಡೆಯುದ್ದ ಬಂತು.

ಬೀರಪ್ಪ ಹೆಚ್ಚು ಮಾತಾಡುವವನಲ್ಲ. ಅವನೂ ಆ ದಿನ ಗೋಡೆಯ ಪಕ್ಕ ನಿಂತು ತಲೆ ಕೆರೆದುಕೊಂಡ.

"ಮಾಳಿ, ಬಾಯಿ ಹೊಲಿದ್ರೆ ಹೊಟ್ಟೆ ಒಡೀತೈತೆ" ಅಂದ.

"ನಿಮ್ಮ ಹೊಟ್ಟೆ ಅಲ್ಲ ಇದು, ನನ್ನ ಕುರಿ ತುಳಿದ ಏರಿ" ಅಂದಳು ಮಾಳಮ್ಮ.

ಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಯ ಹಿಂದೆ ಹೋದ.

ಆ ವರ್ಷ ಮಳೆ ಚೆನ್ನಾಗಿ ಬಂತು. ಹಳ್ಳ ತುಂಬಿ ಹರಿಯಿತು. ನೀರು ಹಳೆಯ ಕೋಡಿಯ ಮಟ್ಟ ಮುಟ್ಟಿತು, ದಾಟಿತು, ಹೊಸ ಗೋಡೆಯ ನೆತ್ತಿಗೆ ಬಂದು ನಿಂತಿತು. ಹಿಂದೆ ಯಾವತ್ತೂ ನೀರು ಕಾಣದ ಮಣ್ಣು ಈಗ ನೀರಿನಲ್ಲಿ ಮುಳುಗಿತ್ತು. ಗಾಳಿ ಬೀಸಿದರೆ ಅಲೆ ಏರಿಯ ತುದಿಯ ಹತ್ತಿರಕ್ಕೆ ಬಂದು ಬಡಿಯುತ್ತಿತ್ತು. ಮಾಳಮ್ಮ ಏರಿಯ ಮೇಲೆ ನಿಂತು ನೋಡಿದಳು. ಇಷ್ಟು ನೀರನ್ನು ಅವಳು ತನ್ನದೆಂದು ಯಾವತ್ತೂ ಹೇಳಿಕೊಂಡಿರಲಿಲ್ಲ. ಖುಷಿಗೆ ಅವಳ ಎದೆ ಉಬ್ಬಿತು. ಗೋಡೆಯ ನೆತ್ತಿಯ ಮೇಲೆ ತೆಳ್ಳಗೆ ನೀರು ಹರಿಯಲು ಶುರುವಾದ ದಿನವೇ ಬುಡದೂಟಕ್ಕೆ ಹೇಳಿ ಕಳಿಸಿದಳು. ಈ ಸಲ ಸಿದ್ರಾಮಣ್ಣನನ್ನು ತಾನೇ ಹೋಗಿ ಎಲೆ ಅಡಿಕೆ ಕೊಟ್ಟು ಕರೆದು ಬಂದಳು. ಕರೆದದ್ದು ಪ್ರೀತಿಗಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಊಟದ ದಿನ ಬೆಳಗಾಯಿತು. ಒಲೆ ಹೂಡಿಸಬೇಕು, ಎಲೆ ತರಿಸಬೇಕು, ಬೇಳೆ ಬೇಯಬೇಕು, ಪಾಯಸಕ್ಕೆ ಬೆಲ್ಲ ಕುಟ್ಟಬೇಕು. ನಡುನಡುವೆ ಏರಿಯ ಮೇಲೆ ಓಡಿ ಹೋಗಿ ನೀರು ನೋಡಿ ಬರಬೇಕು. ಈ ಗಡಿಬಿಡಿಯಲ್ಲಿ ಮಾಳಮ್ಮ ಒಂದು ಕೆಲಸ ಮರೆತಳು. ಆ ದಿನ ಅವಳ ಬಿಳಿ ಬಟ್ಟಲು ಗೂಡಿನಲ್ಲೇ ಉಳಿಯಿತು. ಅಪ್ಪನ ಮೂರನೆಯ ಮಾತನ್ನು ಅವಳು ತಲೆಕೆಳಗು ಮಾಡಿದ್ದಳು. ಮೇಲೆ ನೀರು ನೋಡಿದಳು, ಕೆಳಗೆ ಬುಡ ನೋಡಲಿಲ್ಲ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಜನ ಬಂದರು. ಕೆಳಗಿನಹಟ್ಟಿಗೆ ಹಟ್ಟಿಯೇ ಬಂತು. ಬಾಣಂತಿಯರು ಕೂಸು ಎತ್ತಿಕೊಂಡು ಬಂದರು. ಕಾಟಜ್ಜಿ ಕೋಲೂರಿಕೊಂಡು ಬಂದಳು. ಹಟ್ಟಿಗೆ ಅವಳೇ ಹಿರಿಯಳು, ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಸಿದ್ರಾಮಣ್ಣ ಮಡಿಕೆ ಮುರಿಯದ ಪಂಚೆ ಉಟ್ಟು ಬಂದ. ಬಂದವನು ಏರಿ ಹತ್ತಿ ನೀರು ನೋಡಿದ. ಏನೂ ಹೇಳದೆ ಇಳಿದು ಬಂದು ಕೂತ. ಸಿದ್ರಾಮಣ್ಣ ಏನೂ ಹೇಳಲಿಲ್ಲ ಎನ್ನುವುದೇ ಮಾಳಮ್ಮನಿಗೆ ಹಾರ ತುರಾಯಿ ಹಾಕಿದಷ್ಟಾಯಿತು.

ಸಾಲು ಕೂತಿತು. ಹಸಿ ಮುತ್ತುಗದ ಎಲೆ ಹಾಸಿದರು. ಮುದ್ದೆ ಬಂತು, ಹುರುಳಿಕಾಳಿನ ಸಾರು ಬಂತು, ಪಾಯಸ ಬಂತು. ಏರಿಗೆ ಬೆನ್ನು ಕೊಟ್ಟು ಮಾಳಮ್ಮ ಕೂತಳು. ಅವಳ ಎಲೆ ಇನ್ನೂ ಖಾಲಿ, ಬೆವರು ನೀರು ಬಿದ್ದ ಮೇಲೆ ಅದಕ್ಕೆ ಬಡಿಸುವುದು. ಅವಳ ಪಕ್ಕದಲ್ಲೇ ಸಿದ್ರಾಮಣ್ಣನಿಗೆ ಮರ್ಯಾದೆಯ ಜಾಗ.

ಗುಂಡಿಯಿಂದ ಹಿತ್ತಾಳೆ ಚೊಂಬಿನಲ್ಲಿ ತುಂಬಿ ಕೊಟ್ಟ ನೀರನ್ನು ಕಾಟಜ್ಜಿ ತಂದು, ತಡವಿ ಎಲೆ ಹುಡುಕಿ, ನಿಧಾನವಾಗಿ ಸುರಿದಳು. ಹಿತ್ತಾಳೆಯೊಳಗೆ ನೀರಿನ ಬಣ್ಣ ಯಾರಿಗೆ ಕಾಣಬೇಕು? ನೀರು ಹಸಿರೆಲೆಯ ಮೇಲೆ ಹರಡಿ, ಅಂಚಿನಿಂದ ಇಳಿದು ಹೋಯಿತು. ಎಲೆಯ ನರದ ಗುಂಟ ಕೆಂಪಗೆ ಒಂದು ಗೆರೆ ಉಳಿಯಿತು.

ಮಾಳಮ್ಮ ಬಗ್ಗಿ ನೋಡಿದಳು. ಬೆರಳಿನಲ್ಲಿ ಮುಟ್ಟಿದಳು. ನುಣ್ಣನೆಯ ಮಣ್ಣು. ಅವಳಿಗೆ ಆ ಮಣ್ಣು ಗೊತ್ತಿತ್ತು. ಅವಳ ಕುರಿಗಳು ತುಳಿದ ಮಣ್ಣು, ಏರಿಯ ಒಳಗಿನ ಮಣ್ಣು. ಏರಿಯ ಒಳಗಿರಬೇಕಾದದ್ದು ಈಗ ಅವಳ ಎಲೆಯ ಮೇಲಿತ್ತು.

ಅವಳು ತಲೆ ಎತ್ತಿ ನೋಡಿದಳು. ಬೆನ್ನ ಹಿಂದೆ ಏರಿ, ಏರಿಯ ಹಿಂದೆ ಅಷ್ಟೂ ನೀರು. ಎದುರಿಗೆ ಸಾಲು ಸಾಲು ಜನ, ಎಲೆಯ ಮುಂದೆ ಕೈ ಕಟ್ಟಿ ಅವಳ ತುತ್ತಿಗಾಗಿ ಕಾಯುತ್ತಿರುವವರು. ಆ ಕೆಂಪು ಗೆರೆ ಕಂಡದ್ದು ಅವಳೊಬ್ಬಳಿಗೆ. ಕಾಟಜ್ಜಿಗೆ ಕಣ್ಣಿಲ್ಲ. ಸಿದ್ರಾಮಣ್ಣನ ಕಣ್ಣು ಪಾಯಸದ ಮೇಲೆ.

ಈಗ ಕೇಳಿ, ಈ ಕಥೆ ನಿಂತಿರುವುದು ಇಲ್ಲೇ. ಅಂಗೈಯಿಂದ ಒಮ್ಮೆ ಒರೆಸಿದ್ದರೆ ಗೆರೆ ಹೋಗುತ್ತಿತ್ತು. ತುತ್ತು ತಿಂದು, ಎಲ್ಲರೂ ಉಂಡು ಎದ್ದು ಹೋದ ಮೇಲೆ ಸದ್ದಿಲ್ಲದೆ ಗೋಡೆ ಒಡೆಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊಟ ಮುಗಿಯುವಷ್ಟು ಹೊತ್ತು ಏರಿ ತಡೆದರೆ ಸಾಕಿತ್ತು. ತಡೆಯದಿದ್ದರೆ?

ಇನ್ನೊಂದು ಕಡೆ, ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದೆಂದರೆ ನಮ್ಮಲ್ಲಿ ಎಂಥ ಮಾತು ಎಂದು ನಿಮಗೆ ಗೊತ್ತಿದೆ. ವೈರಿಯನ್ನೂ ಎಲೆಯ ಮುಂದಿಂದ ಎಬ್ಬಿಸುವುದಿಲ್ಲ. ಬಡಿಸಿದ ಅನ್ನ ಬಿಡಿಸಿದವರ ಮನೆಗೆ ಮತ್ತೆ ಯಾರೂ ಉಣ್ಣಲು ಬರುವುದಿಲ್ಲ. ಅದರಲ್ಲೂ ಸಿದ್ರಾಮಣ್ಣ ಪಕ್ಕದಲ್ಲಿ ಕೂತಿರುವಾಗ!

ಮಾಳಮ್ಮನ ಅಂಗೈ ಎಲೆಯ ಮೇಲೆ ಹೋಯಿತು. ಒರೆಸಲಿಕ್ಕೇ ಹೋಯಿತು, ಸುಳ್ಳು ಯಾಕೆ ಹೇಳಲಿ.

"ಏನು ತಂಗ್ಯಮ್ಮ, ತುತ್ತು ಎತ್ತೋದು ಯಾವಾಗ? ಹೊಟ್ಟೆ ತಾಳ ಹಾಕ್ತೈತೆ" ಅಂದ ಸಿದ್ರಾಮಣ್ಣ.

ಸಾಲಿನಲ್ಲಿ ನಗು ಎದ್ದಿತು. ನಗುವವರ ನಡುವೆ ಒಂದು ಕೂಸು ತಾಯಿಯ ಮಡಿಲಿನಲ್ಲಿ ಕೂತು ಪಾಯಸಕ್ಕೆ ಕೈ ಚಾಚುತ್ತಿತ್ತು. ತಾಯಿ, ತಡಿ ಮಗ, ಅಮ್ಮೋರು ಮೊದಲು ತಿನ್ಲಿ, ಅಂತ ಅದರ ಕೈ ಹಿಡಿದುಕೊಂಡಿದ್ದಳು. ಮಾಳಮ್ಮ ಅದನ್ನು ನೋಡಿದಳು. ಅವಳ ಕೈ ಎಲೆಯ ಮೇಲೇ ನಿಂತುಬಿಟ್ಟಿತು.

ಆಮೇಲೆ ಅವಳು ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದ್ದು ನಿಂತಳು. ಕೆಂಪು ಗೆರೆ ಎಲ್ಲರ ಕಡೆಗಿತ್ತು.

"ಎಲ್ಲರೂ ಎದ್ದೇಳಿ" ಅಂದಳು. "ಕಟ್ಟೆ ಬೆವರಲ್ಲಿ ಮಣ್ಣು ಬಂದೈತೆ. ತಪ್ಪು ನಂದು, ಕೋಡಿ ಕಟ್ಟಿದೋಳು ನಾನು. ಎಲೆ ಮುಂದಿಂದ ಎಬ್ಬಿಸಿದ ಪಾಪಾನೂ ನನಗೇ ಇರಲಿ. ಮಕ್ಕಳನ್ನ ಎತ್ಕೊಂಡು ಗುಡ್ಡದ ಮೇಲಕ್ಕೆ ಹೋಗಿ, ಹಟ್ಟೀಲಿ ಯಾರಾದ್ರೂ ಉಳಿದಿದ್ರೆ ಅವರನ್ನೂ ಕರ್ಕೊಂಡು ಹೋಗಿ."

ಕೆಲವರ ಮುಖ ಕೆಂಪಾಯಿತು. ಉಣ್ಣಲು ಕರೆದು ಎಬ್ಬಿಸುತ್ತಾಳಲ್ಲ ಎಂದು ಯಾರೋ ಗೊಣಗಿದರು. ಆಗ ಕಾಟಜ್ಜಿ ಕೋಲು ನೆಲಕ್ಕೆ ಕುಟ್ಟಿ, ಅವಳ ದನಿ ಕೇಳಿಸಲಿಲ್ಲವಾ ನಿಮಗೆ, ಏಳಿ ಎಂದು ಗದರಿದಳು. ಜನ ಎದ್ದರು. ಬಾಣಂತಿಯರು ಮೊದಲು, ಮಕ್ಕಳು ಆಮೇಲೆ. ಸಿದ್ರಾಮಣ್ಣ ಮಡಿಕೆ ಮುರಿಯದ ಪಂಚೆಯನ್ನು ಮೇಲೆ ಕಟ್ಟಿ ಕಾಟಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಹೇಳಿದೆನಲ್ಲ, ಆಸಾಮಿ ಕೆಟ್ಟವನಲ್ಲ.

ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರೆ ಹಿಡಿದು ಕೋಡಿಗೆ ಓಡಿದಳು. ತಾನೇ ಕಟ್ಟಿಸಿದ ಗೋಡೆಯ ಪಕ್ಕದ ಬಂಡೆಯ ಮೇಲೆ ನಿಂತಳು. ಸಿಮೆಂಟಿಗೆ ಕಡಿಮೆ ಮಾಡಿರಲಿಲ್ಲ, ಗೋಡೆ ಒಡೆಯಲು ಸುಲಭಕ್ಕೆ ಒಪ್ಪಲಿಲ್ಲ. ಚೆನ್ನಾಗಿ ಕಟ್ಟಿಸಿದ್ದಕ್ಕೆ ಅವಳು ಜೀವನದಲ್ಲಿ ಮೊದಲ ಸಲ ತನ್ನನ್ನೇ ಬೈದುಕೊಂಡಳು. ಬೀರಪ್ಪ ಓಡಿ ಬಂದು ಇನ್ನೊಂದು ಹಾರೆ ಹಾಕಿದ. ಅಜ್ಜಿಯನ್ನು ಗುಡ್ಡಕ್ಕೆ ಮುಟ್ಟಿಸಿ ಸಿದ್ರಾಮಣ್ಣನೂ ಬಂದ. ಒಂದು ಕಲ್ಲು ಸಡಿಲಾಯಿತು, ಉರುಳಿತು. ಆ ಜಾಗದಲ್ಲಿ ನೀರು ನುಗ್ಗಿ ಇನ್ನೊಂದು ಕಲ್ಲನ್ನು ತಾನೇ ತಳ್ಳಿತು. ಆಮೇಲೆ ಹಾರೆ ಬೇಕಾಗಲಿಲ್ಲ. ತಡೆದಿಟ್ಟ ನೀರೆಲ್ಲ ಬಂಡೆಯ ಮೇಲೆ ಜಾರಿ ಭೋರೆಂದು ಹಳ್ಳದ ಕಡೆಗೆ ಹೋಯಿತು. ಹಟ್ಟಿ ಒಂದು ಕಡೆ, ಆ ನೀರಿನ ದಾರಿ ಇನ್ನೊಂದು ಕಡೆ.

ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಕಟ್ಟೆಯ ನೀರು ಇಳಿಯಲು ಹೊತ್ತು ಬೇಕು. ಅಷ್ಟರಲ್ಲಿ ಬುಡದ ಗುಂಡಿಯಲ್ಲಿ ಕೆಂಪು ನೀರು ಉಕ್ಕುತ್ತಿತ್ತು. ಹಟ್ಟಿಯ ಗಂಡಸರು ಕೆಲವರು ಜೇಡಿಮಣ್ಣು ತಂದು ಅದರ ಬಾಯಿಗೆ ಮೆತ್ತಲು ಹೊರಟರು. ಮಾಳಮ್ಮ ಏದುಸಿರು ಬಿಡುತ್ತಾ ಇಳಿದು ಬಂದು ಅವರನ್ನು ತಡೆದಳು.

"ಮುಚ್ಚಬೇಡಿ, ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ತೆಗೀತೈತೆ. ಮರಳು ಹಾಕಿ, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ನೀರು ಹೋಗ್ಲಿ, ಮಣ್ಣು ನಿಲ್ಲಲಿ" ಅಂದಳು.

ಹಾಗೇ ಮಾಡಿದರು. ಹೆಂಗಸರೂ ಬಂದು ಹಳ್ಳದಿಂದ ಮರಳು ಹೊತ್ತರು. ಪಾಯಸದ ಪಾತ್ರೆ ಖಾಲಿ ಮಾಡಿ ಅದರಲ್ಲೂ ಹೊತ್ತರು. ಮರಳಿನ ಮೇಲೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಕಲ್ಲು ಬಿತ್ತು. ನೀರು ಕಲ್ಲಿನ ಸಂದಿಯಿಂದ ಬರುತ್ತಲೇ ಇತ್ತು. ಮೊದಲು ಕೆಂಪಗೆ ಬಂತು, ಆಮೇಲೆ ಬೂದಾಗಿ ಬಂತು. ಹೊತ್ತು ಇಳಿಯುವ ವೇಳೆಗೆ ಮಾಳಮ್ಮ ಮನೆಗೆ ಹೋಗಿ ಬಿಳಿ ಬಟ್ಟಲು ತಂದು ಮೊಗೆದಳು. ಬಟ್ಟಲಿನ ತಳದಲ್ಲಿದ್ದ ನೀಲಿ ಹೂವು ಕಾಣಿಸಿತು. ಅವಳು ಅಲ್ಲೇ ನೆಲಕ್ಕೆ ಕೂತು ಅತ್ತಳು.

ನೀರು ಇಳಿದ ಮೇಲೆ ಕಾರಣ ಗೊತ್ತಾಯಿತು. ಏರಿಯ ಒಳಮೈಯಲ್ಲಿ, ಹಳೆಯ ನೀರಿನ ಮಟ್ಟಕ್ಕಿಂತ ಮೇಲೆ, ಕಲ್ಲಿನ ಸಂದಿಯಲ್ಲಿ ಒಂದು ಹೆಗ್ಗಣದ ಬಿಲ. ಅದು ಯಾವಾಗಿನಿಂದ ಇತ್ತೋ, ನೀರು ಅಲ್ಲಿಯವರೆಗೆ ಬರುತ್ತಿರಲಿಲ್ಲವಾದ್ದರಿಂದ ತೊಂದರೆ ಕೊಟ್ಟಿರಲಿಲ್ಲ. ಮಾಳಮ್ಮ ಗೋಡೆ ಎಬ್ಬಿಸಿ ನೀರನ್ನು ಬಿಲದ ಬಾಗಿಲಿಗೆ ತಾನೇ ಕರೆದುಕೊಂಡು ಹೋಗಿ ಬಿಟ್ಟಿದ್ದಳು. ಬಿಲವನ್ನು ಕೊನೆಯವರೆಗೆ ಅಗೆಸಿದಳು. ಮಣ್ಣು ಹರಡಿ, ನೀರು ಚಿಮುಕಿಸಿ, ಬೀರಪ್ಪನ ಕೈಯಲ್ಲಿ ಹಿಂಡು ಹೊಡೆಸಿ, ಪದರ ಪದರವಾಗಿ ಮತ್ತೆ ತುಳಿಸಿದಳು. ಕುರಿಗಳು ಹಳೆಯ ಕೆಲಸ ಮರೆತಿರಲಿಲ್ಲ.

ಏರಿ ಸರಿಯಾಯಿತು. ಮಾಳಮ್ಮ ಸರಿಯಾಗಲಿಲ್ಲ. ಎಲೆಯ ಮುಂದಿಂದ ಜನರನ್ನು ಎಬ್ಬಿಸಿದವಳು ಎಂಬ ಮಾತು ಅವಳ ಎದೆಯಲ್ಲಿ ಕೂತಿತ್ತು. ಯಾರೂ ಅಂದಿರಲಿಲ್ಲ, ಅವಳೇ ಅಂದುಕೊಳ್ಳುತ್ತಿದ್ದಳು. ಬೀದಿಗೆ ಬರುವುದು ಕಡಿಮೆ ಮಾಡಿದಳು. ಅವಳ ದನಿ ಕೇಳದೆ ಊರಿಗೇ ಒಂದು ರೀತಿ ಕಿವಿ ಮುಚ್ಚಿದ ಹಾಗಿತ್ತು. ಇನ್ನು ಮೇಲೆ ಬುಡದೂಟಕ್ಕೆ ಯಾವ ಮುಖ ಇಟ್ಟುಕೊಂಡು ಕರೆಯಲಿ, ಕರೆದರೂ ಯಾರು ಬರುತ್ತಾರೆ ಎಂದು ಬೀರಪ್ಪನ ಹತ್ತಿರ ಹೇಳಿಕೊಂಡಳು. ಬೀರಪ್ಪ, ಹೂಂ, ಅಂದ. ಅವನಿಗೆ ಒಂದು ವಿಷಯ ಗೊತ್ತಿತ್ತು, ಹೇಳಲಿಲ್ಲ.

ಮತ್ತೆ ಮಳೆ ಬಂತು. ನೀರು ಹಳೆಯ ಕೋಡಿಯ ಮಟ್ಟಕ್ಕೆ ಬಂದು, ಬಂಡೆಯ ಮೇಲೆ ಸಲೀಸಾಗಿ ಹರಿಯಿತು. ಮಾರನೆಯ ದಿನ ಮಾಳಮ್ಮ ಎಂದಿನಂತೆ ಬಟ್ಟಲು ಹಿಡಿದು ಬುಡಕ್ಕೆ ಹೋದರೆ ಅಲ್ಲಿ ಹೊಗೆ ಏಳುತ್ತಿತ್ತು. ಕೆಳಗಿನಹಟ್ಟಿಯವರು ಒಲೆ ಹೂಡಿದ್ದರು. ಹಿಟ್ಟು ಅವರದೇ, ಕಾಳು ಅವರದೇ, ಬೆಲ್ಲ ಅವರದೇ. ಹಸಿ ಮುತ್ತುಗದ ಎಲೆ ರಾಶಿ ಬಿದ್ದಿತ್ತು. ಸಿದ್ರಾಮಣ್ಣನೂ ಒಂದು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದ. ತನ್ನ ಕೋಡಿಯ ಮಣ್ಣಿನ ಮೂಟೆಗಳನ್ನು ತೆಗೆದು ಹಾಕಿದ್ದೇನೆ, ಒಂದು ಸಲ ಬಂದು ನನ್ನ ಏರಿಯ ಬುಡವನ್ನೂ ನೋಡಮ್ಮ ಎಂದು ತಲೆ ಎತ್ತದೆ ಹೇಳಿದ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೆ ಇರಬಹುದು.

ಮಾಳಮ್ಮನನ್ನು ಏರಿಗೆ ಬೆನ್ನು ಕೊಟ್ಟು ಕೂರಿಸಿದರು. ಎಲೆ ಹಾಸಿದರು. ಕಾಟಜ್ಜಿ ಚೊಂಬು ತಂದು ತಡವಿ ಎಲೆ ಹುಡುಕಿ ಬೆವರು ನೀರು ಸುರಿದಳು. ಈ ಸಲ ಎಲ್ಲರೂ ಕತ್ತು ಚಾಚಿ ನೋಡಿದರು. ನೀರು ಹರಡಿತು, ಇಳಿದು ಹೋಯಿತು. ಎಲೆ ತೊಳೆದಿಟ್ಟ ಹಾಗೆ ಹಸಿರಾಗಿ ಉಳಿಯಿತು.

ಮುದ್ದೆ ಬಡಿಸಿದರು. ಮಾಳಮ್ಮ ಪದ್ಧತಿಯಂತೆ ಮೊದಲ ತುತ್ತು ಮುರಿದಳು. ಅದು ಬಾಯಿಗೆ ಹೋಗುವ ಮೊದಲೇ ಕಾಟಜ್ಜಿ ಅವಳ ಮುಂಗೈ ಹಿಡಿದುಕೊಂಡಳು.

"ತಡಿ ಕಣವ್ವ" ಅಂದಳು ಅಜ್ಜಿ. "ಯಜಮಾನ್ತಿ ಮೊದಲು ಉಣ್ಣೋದು ಕೆಳಗಿನೋರಿಗೆ ನಂಬಿಕೆ ಬರ್ಲಿ ಅಂತ. ನಮಗೆ ಅವತ್ತೇ ಬಂತು. ಏರಿ ನೋಡಿ ಅಲ್ಲ, ನಿನ್ನ ನೋಡಿ. ಇವತ್ತು ಮೊದಲ ತುತ್ತು ನಮ್ಮದು."

ಹಾಗೆಂದು ಕಾಟಜ್ಜಿ ತನ್ನ ಎಲೆಯ ಮುಂದೆ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅವಳ ಹಿಂದೆ ಹಟ್ಟಿಯವರೆಲ್ಲ ಉಣ್ಣತೊಡಗಿದರು. ಬಾಣಂತಿಯೊಬ್ಬಳು ಕೂಸಿನ ಬಾಯಿಗೆ ಪಾಯಸ ಇಟ್ಟಳು. ತಲೆಯ ಮೇಲೆ ಕಟ್ಟೆ ತುಂಬಿ ನಿಂತಿರುವಾಗ, ಕಟ್ಟಿದವಳು ಇನ್ನೂ ಒಂದು ತುತ್ತು ತಿನ್ನದಿರುವಾಗ, ಅದರ ಬುಡದಲ್ಲಿ ಕೂತು ಅಷ್ಟೂ ಜನ ನಿಶ್ಚಿಂತೆಯಿಂದ ಉಂಡರು. ಆ ಸೀಮೆಯಲ್ಲಿ ಯಾವ ಕಟ್ಟೆಯ ಯಜಮಾನರಿಗೂ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

ಮಾಳಮ್ಮ ಕೈಯಲ್ಲಿ ತುತ್ತು ಹಿಡಿದು ನೋಡುತ್ತಲೇ ಇದ್ದಳು. ಅವಳಿಗೆ ಹೆಮ್ಮೆಯಾಯಿತು. ತೊಡೆಯುದ್ದ ನೀರು ಹೆಚ್ಚು ನಿಂತಾಗ ಆದ ಹೆಮ್ಮೆ ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಅವಳೂ ಉಂಡಳು. ಒಂದಲ್ಲ, ಎರಡು ಮುದ್ದೆ ಉಂಡಳು. ಉಂಡು ಎದ್ದು ಕೈ ತೊಳೆದು, ಏರಿಯ ಮೇಲೆ ಮೇಯುತ್ತಿದ್ದ ಕುರಿಯನ್ನು ಕೂಗಿ ಕರೆದಳು. ಆಚೆ ಊರಿಗೂ ಕೇಳಿಸಿತು.

ನೀತಿ: ಕಟ್ಟಿದ್ದಕ್ಕೆ ಹೆಮ್ಮೆ ಪಡಿ, ತಪ್ಪಿಲ್ಲ. ಆದರೆ ನಾವು ಕಟ್ಟಿದ್ದರ ಕೆಳಗೆ ಬದುಕುವವರ ಜೀವ ನಮ್ಮ ಹೆಮ್ಮೆಗಿಂತ ದೊಡ್ಡದು. ತಪ್ಪು ಕಂಡಾಗ ಎಲೆ ಒರೆಸಿ ಮುಚ್ಚಿಟ್ಟವರ ಏರಿಯೂ ಉಳಿಯುವುದಿಲ್ಲ, ಹೆಸರೂ ಉಳಿಯುವುದಿಲ್ಲ. ಎತ್ತಿ ಎಲ್ಲರಿಗೂ ತೋರಿಸಿದವರಿಗೆ ಎರಡೂ ಉಳಿಯುತ್ತವೆ. ನೀರು ಹೋಗಲಿ, ಮಣ್ಣು ನಿಲ್ಲಲಿ.